ಚಲನೆಯ ಪ್ರಿಪೊಸಿಷನ್‌ಗಳು: ದಾರಿ ಯಾವ ಪದದಲ್ಲಿ ಕೂತಿದೆ ನೋಡಿ

ಮೊದಲು ಈ ವಾಕ್ಯವನ್ನು ಇಂಗ್ಲಿಷಿಗೆ ಮಾಡಿ ನೋಡಿ: ‘ಹುಡುಗ ಓಡಿಕೊಂಡು ರಸ್ತೆ ದಾಟಿದ.’

ನಮ್ಮಲ್ಲಿ ಜಾಸ್ತಿ ಜನ ‘ದ ಬಾಯ್ ಕ್ರಾಸ್ಡ್ ದ ರೋಡ್ ರನ್ನಿಂಗ್’ ಅಂತ ಬರೆಯುತ್ತೇವೆ. ಅರ್ಥವೇನೋ ಆಗುತ್ತೆ. ಆದರೆ ಇಂಗ್ಲಿಷ್ ಮನೆಮಾತಾಗಿರುವವರ ಬಾಯಲ್ಲಿ ಬರುವುದು ‘ದ ಬಾಯ್ ರ‍್ಯಾನ್ ಅಕ್ರಾಸ್ ದ ರೋಡ್’. ನಮ್ಮ ‘ದಾಟಿದ’ ಹೋಗಿ ‘ಅಕ್ರಾಸ್’ ಅನ್ನುವ ಪುಟ್ಟ ಪದದಲ್ಲಿ ಕೂತಿತು. ನಮ್ಮಲ್ಲಿ ಪಕ್ಕದಲ್ಲಿದ್ದ ‘ಓಡಿಕೊಂಡು’ ಅಲ್ಲಿ ಮುಖ್ಯ ಕ್ರಿಯಾಪದವೇ ಆಗಿಬಿಟ್ಟಿತು.

ಇದೊಂದು ಹಿಡಿತಕ್ಕೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕನ್ನಡದಲ್ಲಿ ದಾರಿಯ ವಿಷಯವನ್ನು ಹೆಚ್ಚಾಗಿ ಕ್ರಿಯಾಪದ ಹೇಳುತ್ತೆ: ಹತ್ತು, ಇಳಿ, ದಾಟು, ನುಗ್ಗು, ಸುತ್ತು. ಹೇಗೆ ಹೋದ ಅನ್ನುವುದನ್ನು ‘ಓಡಿಕೊಂಡು’, ‘ತೆವಳಿಕೊಂಡು’, ‘ಕುಂಟುತ್ತಾ’ ಅಂತ ಪಕ್ಕದಲ್ಲಿ ಸೇರಿಸುತ್ತೇವೆ. ಇಂಗ್ಲಿಷ್ ಇದನ್ನು ತಿರುಗಿಸಿ ಹಾಕುತ್ತೆ. ಮಗು ತೆವಳಿಕೊಂಡು ಕೋಣೆಯೊಳಗೆ ಬಂದರೆ ‘ದ ಬೇಬಿ ಕ್ರಾಲ್ಡ್ ಇನ್‌ಟು ದ ರೂಮ್’. ಅಲ್ಲಿ ‘ಬಂತು’ ಅನ್ನುವ ಪದವೇ ಇಲ್ಲ, ಅಲ್ವಾ? ಭಾಷೆಗಳು ದಾರಿಯನ್ನು ಎಲ್ಲಿಡುತ್ತವೆ ಅನ್ನುವುದರ ಮೇಲೆ ಅವನ್ನು ಹೀಗೆ ಎರಡು ಗುಂಪು ಮಾಡಿ ತೋರಿಸಿದವರು ಲಿಯೊನಾರ್ಡ್ ಟಾಲ್ಮಿ ಅನ್ನುವ ಭಾಷಾಶಾಸ್ತ್ರಜ್ಞ. ನನಗೆ ಇದು ಶಾಲೆಯಲ್ಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಆಗ ಸುಮ್ನೆ ಪಟ್ಟಿ ಬಾಯಿಪಾಠ ಮಾಡಿದ್ದೇ ಬಂತು.

ಈಗ ಇದರಿಂದಲೇ ಇನ್ನೊಂದು ಗಂಟು ಬಿಚ್ಚಿಕೊಳ್ಳುತ್ತೆ. ‘ಐ ರೀಚ್ಡ್ ಟು ದ ಸ್ಟೇಷನ್’, ‘ಶಿ ಎಂಟರ್ಡ್ ಇನ್‌ಟು ದ ರೂಮ್’: ಎರಡೂ ತಪ್ಪು. ಯಾಕೆ? ಇಂಗ್ಲಿಷಿನಲ್ಲೂ ಕೆಲವು ಕ್ರಿಯಾಪದಗಳು ನಮ್ಮವುಗಳ ಥರ ದಾರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿವೆ. ‘ಎಂಟರ್’ ಅಂದರೆ ಒಳಗೆ ಹೋಗು. ಒಳಗೆ ಅನ್ನುವುದು ಅದರಲ್ಲೇ ಇದೆ, ಮತ್ತೆ ‘ಇನ್‌ಟು’ ಯಾಕೆ? ರೀಚ್, ಕ್ರಾಸ್, ಅಪ್ರೋಚ್, ಲೀವ್, ವಿಸಿಟ್ ಇವೂ ಹಾಗೇ. ಒಪ್ಪಂದಕ್ಕೆ ಬಂದರು ಅನ್ನುವಾಗ ಮಾತ್ರ ‘ಎಂಟರ್ಡ್ ಇನ್‌ಟು ಆ್ಯನ್ ಅಗ್ರಿಮೆಂಟ್’ ಸರಿ, ಅಲ್ಲಿ ಯಾರೂ ಯಾವ ಕೋಣೆಗೂ ಹೋಗುವುದಿಲ್ಲ. ‘ಅರೈವ್’ ಈ ಗುಂಪಿನದಲ್ಲ. ಅದಕ್ಕೆ ‘ಆ್ಯಟ್’ ಅಥವಾ ‘ಇನ್’ ಬೇಕು: ಸ್ಟೇಷನ್ನಿಗೆ ‘ಆ್ಯಟ್’, ಊರಿಗೆ ಅಥವಾ ದೇಶಕ್ಕೆ ‘ಇನ್’. ‘ಅರೈವ್ಡ್ ಟು’ ಅಂತ ಮಾತ್ರ ಬರೆಯಬೇಡಿ.

ನಮ್ಮ ‘ಗೆ’, ‘ಕ್ಕೆ’ ನೋಡಿದ ತಕ್ಷಣ ಕೈ ‘ಟು’ ಕಡೆ ಹೋಗುತ್ತೆ. ಹೆಚ್ಚಿನ ಸಲ ಸರಿಯೇ. ಆದರೆ ಮನೆಗೆ ಹೋದೆ ಅಂದರೆ ‘ಐ ವೆಂಟ್ ಹೋಮ್’, ನಡುವೆ ಏನೂ ಇಲ್ಲ. ಇಲ್ಲಿ ‘ಹೋಮ್’ ಅನ್ನುವುದೇ ‘ಮನೆಗೆ’ ಅಂತ, ‘ಗೆ’ ಒಳಗೇ ಇದೆ. ಹಿಯರ್, ದೇರ್, ಅಬ್ರಾಡ್, ಅಪ್‌ಸ್ಟೇರ್ಸ್, ಔಟ್‌ಸೈಡ್ ಎಲ್ಲ ಇದೇ ಜಾತಿ. ‘ಗೋ ಟು ಅಬ್ರಾಡ್’ ಅಂತ ದಿನಾ ಕೇಳುತ್ತೇವೆ, ಅದು ತಪ್ಪು. ಹಾಗಂತ ‘ಮೈ ಹೌಸ್’ ಬಂದರೆ ‘ಟು’ ವಾಪಸ್ ಬರುತ್ತೆ: ‘ಕಮ್ ಟು ಮೈ ಹೌಸ್’.

‘ಟುವರ್ಡ್ಸ್’ ಅಂದರೆ ಕಡೆಗೆ. ಮುಟ್ಟಿದರೋ ಇಲ್ವೋ ಅದು ಹೇಳುವುದಿಲ್ಲ. ‘ಟು’ ಅಂದರೆ ಮುಟ್ಟುವ ಜಾಗ ಅದೇ. ಇದರ ಜೊತೆ ‘ಆ್ಯಟ್’ ಅನ್ನೂ ಇಟ್ಟು ನೋಡಿ, ಮಜಾ ಇದೆ. ‘ಹಿ ಥ್ರೂ ದ ಬಾಲ್ ಟು ಮಿ’ ಅಂದರೆ ನಾನು ಹಿಡಿಯಲಿ ಅಂತ ಎಸೆದ. ‘ಹಿ ಥ್ರೂ ದ ಬಾಲ್ ಆ್ಯಟ್ ಮಿ’ ಅಂದರೆ ನನಗೆ ಬೀಳಲಿ ಅಂತಲೇ ಎಸೆದ. ಮೊದಲನೆಯದು ಆಟ, ಎರಡನೆಯದು ಜಗಳ. ‘ಶೌಟೆಡ್ ಟು ಮಿ’ ದೂರದಿಂದ ಕೂಗಿ ಕರೆದದ್ದು, ‘ಶೌಟೆಡ್ ಆ್ಯಟ್ ಮಿ’ ಬೈದದ್ದು. ಒಂದು ಪದ ತಪ್ಪಿದರೆ ಸುಮ್ನಿದ್ದವರ ಮೇಲೆ ದೂರು ಹೇಳಿದ ಹಾಗಾಗುತ್ತೆ.

‘ಇಂದ’ ಇನ್ನೂ ತೊಂದರೆ ಕೊಡುತ್ತೆ. ಬಸ್ಸಿನಿಂದ ಇಳಿದ, ಕಾರಿನಿಂದ ಇಳಿದ, ಊರಿನಿಂದ ಬಂದ. ನಮಗೆ ಮೂರೂ ಒಂದೇ ಪ್ರತ್ಯಯ. ಅವರಿಗೆ ‘ಗಾಟ್ ಆಫ್ ದ ಬಸ್’, ‘ಗಾಟ್ ಔಟ್ ಆಫ್ ದ ಕಾರ್’, ‘ಕೇಮ್ ಫ್ರಮ್’. ನಾನು ನೆನಪಿಟ್ಟುಕೊಂಡಿರುವುದು ಹೀಗೆ: ಎದ್ದು ನಿಂತು ಓಡಾಡುವಷ್ಟು ಜಾಗ ಇರುವ ಬಸ್ಸು, ರೈಲು, ವಿಮಾನ, ಹಡಗು ಹತ್ತುವುದು ‘ಆನ್’, ಇಳಿಯುವುದು ‘ಆಫ್’. ಬಗ್ಗಿ ಒಳಗೆ ತೂರಿಕೊಳ್ಳಬೇಕಾದ ಕಾರು, ಟ್ಯಾಕ್ಸಿಗೆ ‘ಇನ್’, ‘ಔಟ್ ಆಫ್’. ಸೈಕಲ್ಲಿನ ಮೇಲೆ ಕೂರುತ್ತೇವೆ, ಹಾಗಾಗಿ ‘ಆನ್’. ಏಣಿಯಿಂದ ಬಿದ್ದರೆ ‘ಫೆಲ್ ಆಫ್ ದ ಲ್ಯಾಡರ್’. ಮರದಿಂದ ಬಿದ್ದರೆ ‘ಫೆಲ್ ಔಟ್ ಆಫ್ ದ ಟ್ರೀ’, ಯಾಕೆಂದರೆ ಸುತ್ತ ಕೊಂಬೆ ಎಲೆ ಇದ್ದು ಮನುಷ್ಯ ಅದರೊಳಗೆ ಇದ್ದ ಅನ್ನುವ ಲೆಕ್ಕ. ಹಾಂ, ಕನ್ನಡ ಲಿಪಿಯಲ್ಲಿ ಎರಡೂ ‘ಆಫ್’ ಒಂದೇ ಥರ ಕಾಣುತ್ತವೆ. ಇಂಗ್ಲಿಷಿನಲ್ಲಿ ಬರೀ ‘ಆಫ್’ಗೆ ಎರಡು ಎಫ್, ‘ಔಟ್ ಆಫ್’ನಲ್ಲಿ ಒಂದೇ.

‘ಇನ್’, ‘ಇನ್‌ಟು’ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ‘ವಾಕ್ಡ್ ಇನ್ ದ ಗಾರ್ಡನ್’ ಅಂದರೆ ತೋಟದಲ್ಲಿ ಅಡ್ಡಾಡಿದ, ‘ಇನ್‌ಟು’ ಅಂದರೆ ಹೊರಗಿದ್ದವನು ತೋಟದೊಳಕ್ಕೆ ಹೋದ. ಆದರೆ ‘ವಾಕ್ಡ್ ಇನ್‌ಟು ದ ವಾಲ್’ ಅಂದರೆ ಗೋಡೆಯೊಳಗೆ ಹೋಗಲಿಲ್ಲ, ಗೋಡೆಗೆ ಡಿಕ್ಕಿ ಹೊಡೆದ.

ನಾನು ಕೈ ಸುಟ್ಟುಕೊಂಡದ್ದು ‘ಥ್ರೂ’ ಮತ್ತು ‘ಅಲಾಂಗ್’ ನಡುವೆ. ಒಬ್ಬರಿಗೆ ಫೋನಿನಲ್ಲಿ ದಾರಿ ಹೇಳಬೇಕಿತ್ತು, ಅವರಿಗೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಪಾರ್ಕಿನ ಬೇಲಿ ಪಕ್ಕದಲ್ಲೇ ನಡೆದು ಬನ್ನಿ ಅಂತ ನನ್ನ ಮನಸ್ಸಿನಲ್ಲಿ. ಬಾಯಲ್ಲಿ ಬಂದದ್ದು ‘ಕಮ್ ಥ್ರೂ ದ ಪಾರ್ಕ್’. ಪಾಪ, ಅವರು ಪಾರ್ಕಿನೊಳಗೇ ಹೋಗಿ ಆ ಕಡೆಯ ಗೇಟಿಗೆ ಬೀಗ ಹಾಕಿರುವುದನ್ನು ನೋಡಿ ಪೂರ್ತಿ ವಾಪಸ್ ನಡೆದು ಬಂದರು. ಅವತ್ತಿನಿಂದ ಮರೆತಿಲ್ಲ: ಉದ್ದಕ್ಕೂ ಪಕ್ಕದಲ್ಲಿ ಅಥವಾ ಅದರ ಮೇಲೇ ಸಾಗಿದರೆ ‘ಅಲಾಂಗ್’, ಒಳಗೆ ಹೊಕ್ಕು ಇನ್ನೊಂದು ಕಡೆ ಹೊರಬಿದ್ದರೆ ‘ಥ್ರೂ’. ಸುರಂಗ, ಕಾಡು, ಜನಜಂಗುಳಿ ಎಲ್ಲ ‘ಥ್ರೂ’, ಸುತ್ತಲೂ ಏನೋ ಇದೆ. ರಸ್ತೆ, ಮೈದಾನದಂಥ ಬಯಲಾದ ಜಾಗವನ್ನು ಈ ಬದಿಯಿಂದ ಆ ಬದಿಗೆ ದಾಟಿದರೆ ‘ಅಕ್ರಾಸ್’. ಗೋಡೆ ಹಾರಿದರೆ ‘ಓವರ್’. ಸೇತುವೆಗೆ ‘ಅಕ್ರಾಸ್’ ಮತ್ತು ‘ಓವರ್’ ಎರಡೂ ನಡೆಯುತ್ತೆ. ನಿಲ್ಲದೆ ಮುಂದಿನಿಂದ ಹಾದುಹೋದರೆ ‘ಪಾಸ್ಟ್’.

ಒಂದು ಕಡೆ ಮಾತ್ರ ನಮ್ಮ ಕನ್ನಡವೇ ಸಹಾಯಕ್ಕೆ ಬರುತ್ತೆ. ‘ಹೋಗಿದ್ದಾನೆ’ ಅಂದರೆ ಇನ್ನೂ ಅಲ್ಲೇ ಇದ್ದಾನೆ: ‘ಹಿ ಹ್ಯಾಸ್ ಗಾನ್ ಟು ದ ಮಾರ್ಕೆಟ್’. ‘ಹೋಗಿ ಬಂದಿದ್ದಾನೆ’ ಅಂದರೆ ‘ಹಿ ಹ್ಯಾಸ್ ಬೀನ್ ಟು ದ ಮಾರ್ಕೆಟ್’. ಎದುರಿಗೆ ಕೂತುಕೊಂಡೇ ‘ಐ ಹ್ಯಾವ್ ಗಾನ್ ಟು ದ ಮಾರ್ಕೆಟ್’ ಅಂದರೆ, ಕೂತಿರುವುದು ಯಾರು ಅಂತ ಕೇಳಬೇಕಾಗುತ್ತೆ.