ಗಿಳಿಗೆ ಕಚ್ಚೋದು ಕಲಿಸಿದ್ದು ನಮ್ಮ ಕೈಯೇ

ಹೋದ ತಿಂಗಳು ಕುವೆಂಪುನಗರದಿಂದ ಅಕ್ಕ ಫೋನ್ ಮಾಡಿದಳು. ಹೊಸದಾಗಿ ತಂದ ಕಾಕಟೀಲ್ ಗಿಳಿ ಮಗಳ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತ್ತು. ಹೋಗಿ ನೋಡಿದರೆ ಪಂಜರದ ಪಕ್ಕ ಒಂದು ತಟ್ಟೆಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ. ಹಕ್ಕಿಗೆ ದೃಷ್ಟಿ ಆಗಿದೆ, ನಿವಾಳಿಸಿ ಕೆಂಡಕ್ಕೆ ಹಾಕಿ ಅಂತ ಪಕ್ಕದ ಮನೆಯವರು ಹೇಳಿದ್ದರಂತೆ. ಇನ್ನೊಬ್ಬರು ಬೆರಳಿಗೆ ಖಾರದಪುಡಿ ಸವರಿಕೊಳ್ಳಿ, ಒಂದು ಸಲ ಉರಿ ಹತ್ತಿದರೆ ಜನ್ಮದಲ್ಲಿ ಕಚ್ಚಲ್ಲ ಅಂದಿದ್ದರು.

ದಯವಿಟ್ಟು ಎರಡನ್ನೂ ಮಾಡಬೇಡಿ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಗಾಳಿಯಿಂದ ಆಮ್ಲಜನಕ ಹೀರುವುದರಲ್ಲಿ ಅದು ನಮಗಿಂತ ಚುರುಕು. ಹೊಗೆ ಸೇರಿದರೆ ಅಪಾಯವೂ ಅಷ್ಟೇ ಬೇಗ. ಇನ್ನು ಖಾರದಪುಡಿ ಸುಮ್ನೆ ದಂಡ. ನಮ್ಮ ಬಾಯಿಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ (ರಿಸೆಪ್ಟರ್, ಅಂದರೆ ಸಂವೇದನೆ ಹಿಡಿಯುವ ಪ್ರೋಟೀನ್) ಇದೆ, ಅದರ ಹೆಸರು ಟಿಆರ್‌ಪಿವಿ1. 1997ರಲ್ಲಿ ಅದನ್ನು ಪತ್ತೆ ಮಾಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನುವ ರಾಸಾಯನಿಕ ಹೋಗಿ ಇದೇ ಗ್ರಾಹಕವನ್ನು ತಟ್ಟುತ್ತದೆ, ಅದಕ್ಕೇ ಖಾರ ತಿಂದಾಗ ಬಾಯಿ ಸುಟ್ಟ ಹಾಗಾಗುವುದು. ಹಕ್ಕಿಗೂ ಆ ಗ್ರಾಹಕ ಇದೆ, ಬಿಸಿ ಅದಕ್ಕೂ ಗೊತ್ತಾಗುತ್ತದೆ, ಆದರೆ ಕ್ಯಾಪ್ಸೈಸಿನ್ ಅನ್ನುವ ಕೀಲಿ ಹಕ್ಕಿಯ ಬೀಗಕ್ಕೆ ಸೇರುವುದಿಲ್ಲ. ಗಿಳಿ ಬ್ಯಾಡಗಿ ಮೆಣಸಿನಕಾಯನ್ನು ಸೌತೆಕಾಯಿ ಹಾಗೆ ತಿಂದು ಮುಗಿಸುತ್ತದೆ. ಖಾರ ಬೆರಳಿಗೆ ಹಚ್ಚಿಕೊಂಡ ನಿಮಗೇ ಹೊರತು ಅದಕ್ಕಲ್ಲ.

ಹಾಗಾದರೆ ಕಚ್ಚುವುದು ಯಾಕೆ? ನಾನು ಸೋಫಾದಲ್ಲಿ ಕೂತು ನೋಡಿದೆ. ಮಗು ಪಂಜರದೊಳಗೆ ಕೈ ಹಾಕಿತು. ಗಿಳಿಯ ಜುಟ್ಟು ತಲೆಗೆ ಅಂಟಿಕೊಂಡಿತು. ಮೈ ಹಿಂದಕ್ಕೆ ವಾಲಿತು. ಬಾಯಿ ತೆರೆದು ಹಾವಿನ ಹಾಗೆ ಬುಸ್ ಅಂದಿತು. ಕೈ ನಿಲ್ಲಲಿಲ್ಲ, ಕಚ್ಚಿತು, ಕೈ ಪಟ್ ಅಂತ ಹೊರಗೆ ಬಂತು. ಗಿಳಿಯ ಲೆಕ್ಕದಲ್ಲಿ ನೋಡಿ: ಜುಟ್ಟು ಇಳಿಸಿದೆ, ಕೇಳಲಿಲ್ಲ. ಬುಸ್ ಅಂದೆ, ಕೇಳಲಿಲ್ಲ. ಕಚ್ಚಿದೆ, ಭಯ ಹೋಯಿತು. ನಾಳೆಯಿಂದ ಅದು ಮೊದಲಿನ ಎರಡನ್ನೂ ಬಿಟ್ಟು ನೇರ ಕಚ್ಚುತ್ತದೆ. ಕೋಪವೂ ಅಲ್ಲ, ದೃಷ್ಟಿಯೂ ಅಲ್ಲ, ಕೆಲಸಕ್ಕೆ ಬಂದ ಉಪಾಯ ಅಷ್ಟೇ. ಬಾಗಿಲಿಗೆ ಬಂದ ಹಸುವಿಗೆ ಒಂದು ದಿನ ಬಾಳೆಹಣ್ಣು ಕೊಟ್ಟರೆ ಮಾರನೇ ದಿನ ಅದೇ ಹೊತ್ತಿಗೆ ಬಂದು ಗೇಟು ತಳ್ಳುತ್ತದೆ ಅಲ್ವಾ, ಹಾಗೆ. ದಸರಾ ವಸ್ತುಪ್ರದರ್ಶನದಲ್ಲಿ ಮಗು ಬಲೂನಿಗೆ ಅಳುತ್ತದೆ, ನಾವು ಒಂಬತ್ತು ಸಲ ಗದರಿ ಹತ್ತನೇ ಸಲ ಕೊಡಿಸುತ್ತೇವೆ, ಆಗ ಮಗು ಕಲಿಯುವುದು ಹತ್ತು ಸಲ ಅಳಬೇಕು ಅನ್ನುವುದನ್ನು. ಯಾವಾಗಲೋ ಒಮ್ಮೆ ಸಿಗುವ ಫಲ ದಿನಾ ಸಿಗುವ ಫಲಕ್ಕಿಂತ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ.

ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಅನ್ನುವುದನ್ನು 1898ರಲ್ಲೇ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಪೆಟ್ಟಿಗೆಯಲ್ಲಿ ಕೂಡಿಟ್ಟ ಬೆಕ್ಕುಗಳಲ್ಲಿ ಕಂಡು ಬರೆದಿದ್ದರು. ಆಮೇಲೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಬಂದರು. ಅವರ 1948ರ ಪಾರಿವಾಳದ ಪ್ರಯೋಗ ನನಗೆ ಬಹಳ ಇಷ್ಟ. ಹಸಿದ 8 ಪಾರಿವಾಳಗಳಿಗೆ, ಅವು ಏನು ಮಾಡಲಿ ಬಿಡಲಿ, ಗಡಿಯಾರ ಇಟ್ಟ ಹಾಗೆ ಕಾಳು ಬೀಳುವಂತೆ ಮಾಡಿದರು. ಅದರಲ್ಲಿ 6 ಪಾರಿವಾಳಗಳು ತಮ್ಮದೇ ಒಂದೊಂದು ಆಚರಣೆ ಶುರು ಮಾಡಿದವು. ಒಂದು ಪಾರಿವಾಳ ಗೂಡಿನಲ್ಲಿ ಎಡಕ್ಕೆ ಸುತ್ತು ಹಾಕತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಿದ್ದಾಗ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತು ಅನ್ನುವ ಹಾಗೆ. ಸ್ಕಿನ್ನರ್ ಇದನ್ನು ಮೂಢನಂಬಿಕೆ ಅಂತಲೇ ಕರೆದರು. ಈ ವಿವರಣೆಯ ಬಗ್ಗೆ ಆಮೇಲೆ ಬೇರೆಯವರು ತಕರಾರು ಎತ್ತಿದರು, ಅದು ಬೇರೆ ಮಾತು. ಆದರೆ ನಿವಾಳಿಸಿದ ಮಾರನೇ ದಿನ ಗಿಳಿ ಕಚ್ಚಲಿಲ್ಲ ಅಂತ ಹೇಳುವವರನ್ನು ಕಂಡಾಗ ನನಗೆ ಆ ಪಾರಿವಾಳಗಳೇ ನೆನಪಾಗುತ್ತವೆ, ಯಾಕೆಂದರೆ ಕಚ್ಚಿಸಿಕೊಂಡ ಕೈ ಅವತ್ತು ಪಂಜರದ ಹತ್ತಿರವೇ ಹೋಗಿರುವುದಿಲ್ಲ.

ಗಿಳಿಶಾಸ್ತ್ರದವರಿಗೆ ಮಾತ್ರ ಈ ವಿದ್ಯೆ ಚೆನ್ನಾಗಿ ಗೊತ್ತು. ಗಿಳಿ ಹೊರಗೆ ಬರುತ್ತದೆ, ಒಂದು ಚೀಟಿ ಎಳೆಯುತ್ತದೆ, ಒಂದು ಕಾಳು ಸಿಗುತ್ತದೆ, ಒಳಗೆ ಹೋಗುತ್ತದೆ. ಭವಿಷ್ಯ ಅದಕ್ಕೆ ಗೊತ್ತಿಲ್ಲ, ಕಾಳು ಗೊತ್ತು. (ಅವರು ಇಟ್ಟುಕೊಳ್ಳುವುದು ನಮ್ಮ ಊರಿನದೇ ಹಸಿರು ಗಿಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಪಂಜರದಲ್ಲಿ ಸಾಕುವ ಹಾಗಿಲ್ಲ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು.)

ಅಕ್ಕನ ಮನೆಯಲ್ಲೂ ಕಾಳನ್ನೇ ಹಿಡಿದೆವು. ಒಂದು ನವಣೆ ತೆನೆ. ಮೊದಲ ವಾರ ಕೈ ಪಂಜರದೊಳಗೆ ಹೋಗಲೇ ಇಲ್ಲ. ಜುಟ್ಟು ಇಳಿಯುವ ಜಾಗ ಎಲ್ಲಿ ಅಂತ ನೋಡಿ, ಅದಕ್ಕಿಂತ ಒಂದು ಗೇಣು ಹಿಂದೆಯೇ ಕೈ ನಿಲ್ಲಿಸಿ, ಗಿಳಿ ಆರಾಮಾಗಿದ್ದರೆ ಸರಳಿನ ಸಂದಿಯಿಂದ ಎರಡು ಕಾಳು, ಆಮೇಲೆ ಕೈ ವಾಪಸ್. ಅಂದರೆ ಕೈ ದೂರ ಹೋಗಲಿ ಅಂತ ಗಿಳಿ ಕಚ್ಚಬೇಕಾಗಿಲ್ಲ, ಸುಮ್ಮನಿದ್ದರೂ ಹೋಗುತ್ತದೆ. ದಿನಕ್ಕೆ ಎರಡು ಹೊತ್ತು, ಐದೈದು ನಿಮಿಷ ಸಾಕು, ಜಾಸ್ತಿ ಬೇಡ. ಎಚ್ಚರಿಕೆ ಕೊಟ್ಟರೆ ಅಲ್ಲೇ ನಿಲ್ಲಿ, ಕಚ್ಚುವ ತನಕ ಕಾಯಬೇಡಿ. ಕಚ್ಚಿಯೇಬಿಟ್ಟರೆ ಕಿರುಚಬೇಡಿ, ಕೊಕ್ಕಿಗೆ ಬೆರಳಿಂದ ಹೊಡೆಯಬೇಡಿ. ಹೊಡೆದರೆ ಕೈ ಕಂಡರೆ ಭಯ ಅನ್ನುವುದು ನಿಜವಾಗುತ್ತದೆ. ಕೆಲವು ಗಿಳಿಗಳಿಗೆ ನಮ್ಮ ಕಿರುಚಾಟವೇ ಖುಷಿ, ಮತ್ತೆ ಕೇಳಬೇಕು ಅಂತಲೇ ಕಚ್ಚುತ್ತವೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಿಳಿಗೆ ಕೊಕ್ಕು ಮೂರನೇ ಕಾಲು ಇದ್ದ ಹಾಗೆ. ಮೇಲಿನ ಕೊಕ್ಕು ಕೂಡ ತಲೆಬುರುಡೆಯ ಹತ್ತಿರ ಮಡಚುತ್ತದೆ, ಅದಕ್ಕೇ ಅದು ಅಷ್ಟು ಸಲೀಸಾಗಿ ಸರಳು ಹಿಡಿದು ಹತ್ತುವುದು. ಬೆರಳಿನ ಮೇಲೆ ಹತ್ತುವ ಮುಂಚೆ ಕೊಕ್ಕು ಊರಿ ಗಟ್ಟಿ ಇದೆಯಾ ಅಂತ ನೋಡುತ್ತದೆ. ಕಚ್ಚಲು ಬಂತು ಅಂತ ನಾವು ಕೈ ಕೊಡವಿದರೆ ಹತ್ತಬೇಕಿದ್ದ ಕೊಂಬೆಯೇ ಅಲುಗಿದ ಹಾಗೆ. ಮುಂದಿನ ಸಲ ಅದು ಗಟ್ಟಿಯಾಗೇ ಹಿಡಿಯುತ್ತದೆ.

ಮೊನ್ನೆ ಹೋದಾಗ ಮಗು ತೋರುಬೆರಳನ್ನು ಗಿಳಿಯ ಹೊಟ್ಟೆಯ ಕೆಳಗೆ ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ನಿಂತಿತ್ತು. ಬೆರಳಿನ ಮೇಲೆ ಹಳೇ ಗಾಯದ ಗುರುತು ಇನ್ನೂ ಇದೆ. ಗಿಳಿ ಬಗ್ಗಿ ಆ ಬೆರಳನ್ನೇ ಕೊಕ್ಕಿನಿಂದ ಎರಡು ಸಲ ಒತ್ತಿ ನೋಡಿತು. ಮಗು ಅಲುಗಾಡಲಿಲ್ಲ. ಆಮೇಲೆ ಒಂದು ಕಾಲು, ಇನ್ನೊಂದು ಕಾಲು.