ಅನ್ನ ನಾಯಿಗೆ ಸರಿ, ಬೆಕ್ಕಿನ ಲೆಕ್ಕವೇ ಬೇರೆ

ನಾಯಿ ತೋಳದ ವಂಶದ್ದು, ಅದಕ್ಕೆ ಅನ್ನ ಹಾಕಲೇಬಾರದು ಎನ್ನುವ ಮಾತು ಈಚೆಗೆ ಕೊಡಗಿನ ತೋಟದ ಮನೆಗಳಿಗೂ ಬಂದು ಮುಟ್ಟಿದೆ. ಅನ್ನ, ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ), ಅಕ್ಕಿರೊಟ್ಟಿ ತಿಂದೇ ತಲೆಮಾರುಗಳಿಂದ ತೋಟ ಕಾಯುತ್ತಾ ಬಂದ ನಾಯಿಗಳ ನಾಡಿದು. ವಿಜ್ಞಾನವೂ ಆ ನಾಯಿಗಳ ಪರವಾಗಿಯೇ ಇದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿ ಮತ್ತು ತೋಳದ ಜೀನೋಮ್‌ಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇತ್ತು. ಮನುಷ್ಯರ ಜೊತೆ ಬಾಳುತ್ತಾ ಬಾಳುತ್ತಾ ನಾಯಿ ಅನ್ನ ಅರಗಿಸಿಕೊಳ್ಳಲು ಕಲಿತಿದೆ. ಅನ್ನ ಚೆನ್ನಾಗಿ ಬೆಂದಿರಬೇಕು, ಅಷ್ಟೇ.

ಹಾಗೆಂದು ಅನ್ನಕ್ಕೆ ಕೋಳಿ ಸೇರಿಸಿ ಬೇಯಿಸಿ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ. ಅದೇ 2013ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿಗಳಿಗೆಂದು ಪ್ರಕಟವಾಗಿದ್ದ 200 ಮನೆ ಅಡುಗೆಗಳನ್ನು ಲೆಕ್ಕ ಹಾಕಿದರು. 190ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಸಾಲದಾಗಿತ್ತು. ನಮ್ಮ ಮನೆಗಳ ಅನ್ನ-ಮಾಂಸದಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಕ್ಯಾಲ್ಸಿಯಂ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಹೇರಳವಾಗಿದ್ದು, ಕ್ಯಾಲ್ಸಿಯಂ ಅದರ ಹದಿನೈದರಲ್ಲೊಂದು ಪಾಲೂ ಇರುವುದು ಕಷ್ಟ. ನಾಯಿಗೆ ಬೇಕಾದದ್ದು ರಂಜಕದಷ್ಟೇ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ರಕ್ತದಲ್ಲಿ ಅದು ಇಳಿದ ಕೂಡಲೇ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನು ಸುರಿಸಿ ಮೂಳೆಯಿಂದಲೇ ಕಿತ್ತು ತರುತ್ತದೆ. ದೊಡ್ಡ ನಾಯಿಯಲ್ಲಿ ಇದು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಮರಿಯಲ್ಲಿ ಕೆಲವೇ ವಾರ ಸಾಕು: ಕುಂಟುತ್ತದೆ, ಮುಂಗಾಲು ಬಾಗುತ್ತದೆ, ಜಗಲಿಯಿಂದ ಹಾರಿದ್ದಕ್ಕೇ ಮೂಳೆ ಮುರಿಯುತ್ತದೆ. ಬರೀ ಮಾಂಸ ತಿಂದು ಬೆಳೆದ ಮರಿ ದಷ್ಟಪುಷ್ಟವಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದೇ ಇಲ್ಲಿನ ಸಂಕಟ. ಮರಿ, ಗಬ್ಬದ ನಾಯಿ, ಹಾಲೂಡಿಸುವ ನಾಯಿ, ಈ ಮೂವರಿಗೆ ಅಂದಾಜಿನ ಮನೆ ಅಡುಗೆ ಬೇಡವೇ ಬೇಡ.

ಕ್ಯಾಲ್ಸಿಯಂ ಹುಡುಕಿಕೊಂಡು ಅಂಗಡಿಗೆ ಹೋಗಬೇಕಿಲ್ಲ, ಮೊಟ್ಟೆಯ ಓಡು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟೇ. ಓಡುಗಳನ್ನು ತೊಳೆದು ಹತ್ತು ನಿಮಿಷ ಕುದಿಸಿ. ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುವುದು ಆಗಲೇ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಪೂರ್ತಿ ಒಣಗಿಸಿ, ಮಿಕ್ಸಿಯಲ್ಲಿ ಅರೆದು ಮೈದಾ ಜರಡಿಯಲ್ಲಿ ಜರಡಿ ಹಿಡಿಯಿರಿ. ಬೆರಳಲ್ಲಿ ತಿಕ್ಕಿದಾಗ ಮರಳಿನ ಹಾಗೆ ತಾಗಿದರೆ ಇನ್ನೊಮ್ಮೆ ಅರೆಯಬೇಕು, ಏಕೆಂದರೆ ತರಿಯಾದ ಚೂರು ಕರಗದೆ ಹಾಗೆಯೇ ಹೊರಗೆ ಹೋಗುತ್ತದೆ. ಇದರ ಒಂದು ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಹತ್ತು ಕೆಜಿ ತೂಗುವ, ಸಾಧಾರಣ ಓಡಾಟದ ನಾಯಿಗೆ ದಿನಕ್ಕೆ 550ರಿಂದ 600 ಕ್ಯಾಲೊರಿ ಬೇಕು. ಎಲುಬು, ಚರ್ಮ ತೆಗೆದ ಕೋಳಿ ತೊಡೆ 200 ಗ್ರಾಂ, ಕೋಳಿ ಲಿವರ್ 20 ಗ್ರಾಂ, ಒಂದು ಮೊಟ್ಟೆ, 50 ಗ್ರಾಂ ಸಿಹಿಗುಂಬಳ, ಬೆಂದ ಅನ್ನ 150 ಗ್ರಾಂ, ಸೂರ್ಯಕಾಂತಿ ಎಣ್ಣೆ ಒಂದು ಟೀ ಚಮಚ, ಮೊಟ್ಟೆ ಓಡಿನ ಪುಡಿ 2 ಗ್ರಾಂ ಅಂದರೆ ಟೀ ಚಮಚದ ಮೂರನೇ ಒಂದು ಭಾಗ: ಇಷ್ಟರಲ್ಲಿ ಲೆಕ್ಕ ಸರಿಹೋಗುತ್ತದೆ. ಅನ್ನ ಬಿಟ್ಟು ಉಳಿದ ತೂಕವೆಲ್ಲ ಹಸಿಯದ್ದು. ಮಾಂಸ, ಲಿವರ್, ಕುಂಬಳಕಾಯಿ ಒಟ್ಟಿಗೆ ಬೇಯಲಿ, ಮೊಟ್ಟೆಯನ್ನೂ ಬೇಯಿಸಿಯೇ ಸೇರಿಸಿ. ಹಸಿ ಬಿಳಿಭಾಗದ ಅವಿಡಿನ್ ಬಯೋಟಿನ್ ವಿಟಮಿನ್ನನ್ನು ಹಿಡಿದಿಟ್ಟುಬಿಡುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಅನ್ನಕ್ಕೇ ಹಾಕಿ. ಪುಡಿ ಮತ್ತು ಎಣ್ಣೆ ಆರಿದ ಮೇಲೆ. ಇಷ್ಟು ಮಾಡಿದರೂ ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಸಾಲುವುದಿಲ್ಲ. ವಾರಕ್ಕೆ ಎರಡು-ಮೂರು ದಿನ ಹಾಕುವುದಾದರೆ ಚಿಂತೆಯಿಲ್ಲ, ದಿನವೂ ಇದೇ ಊಟವೆಂದಾದರೆ ಪಶುವೈದ್ಯರಿಂದ ವಿಟಮಿನ್-ಖನಿಜ ಮಿಶ್ರಣ ಬರೆಸಿಕೊಳ್ಳಲೇಬೇಕು.

ಬೆಕ್ಕಿನ ವಿಚಾರಕ್ಕೆ ಬಂದರೆ ಮೇಲಿನ ಅಡುಗೆ ಪೂರ್ತಿ ತಪ್ಪು. ಬೆಕ್ಕು ಟಾರಿನ್ ಎಂಬ ಅಮೈನೊ ಆಮ್ಲವನ್ನು ಸಾಕಷ್ಟು ತಯಾರಿಸಲಾರದು. ಕುಂಬಳಕಾಯಿಯ ಬೀಟಾ ಕ್ಯಾರೊಟಿನ್‌ನಿಂದ ವಿಟಮಿನ್ ಎ ಮಾಡಿಕೊಳ್ಳಲೂ ಅದಕ್ಕೆ ಬರುವುದಿಲ್ಲ. ಎರಡೂ ಪ್ರಾಣಿಮೂಲದಿಂದಲೇ ಸಿಗಬೇಕು. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟ ಸವೆಯುತ್ತದೆಂದು 1975ರಲ್ಲಿ ಗೊತ್ತಾಯಿತು. ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಕಾಯಿಲೆಗೂ ಇದೇ ಕಾರಣವೆಂದು 1987ರಲ್ಲಿ ಪಶುವೈದ್ಯ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿದರು. ಆಗ ಬೆಕ್ಕುಗಳು ತಿನ್ನುತ್ತಿದ್ದದ್ದು ಕಂಪನಿಗಳು ಮಾಡಿದ ಆಹಾರವೇ. ಆಮೇಲೆ ತಯಾರಕರು ಟಾರಿನ್ ಹೆಚ್ಚಿಸಿದರು. ಹಾಲು-ಅನ್ನದಲ್ಲಿ ಬೆಳೆದ ಮನೆ ಬೆಕ್ಕು ಬದುಕಿದ್ದು ಇಲಿ, ಹಲ್ಲಿ, ಹಕ್ಕಿ ಹಿಡಿದು ತಿಂದೇ ಹೊರತು ನಾವು ಹಾಕಿದ್ದರಿಂದಲ್ಲ. ಬಾಗಿಲು ಹಾಕಿಕೊಂಡ ಮನೆಯೊಳಗೆ ಸಾಕಿದ ಬೆಕ್ಕಿಗೆ ಆ ದಾರಿಯಿಲ್ಲ.

ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 240 ಕ್ಯಾಲೊರಿ. ಕೋಳಿ ತೊಡೆ 130 ಗ್ರಾಂ, ಕೋಳಿ ಹೃದಯ 25 ಗ್ರಾಂ, ಲಿವರ್ 10 ಗ್ರಾಂ, ಬೆಂದ ಅರ್ಧ ಮೊಟ್ಟೆ, ಓಡಿನ ಪುಡಿ ಒಂದು ಗ್ರಾಂ, ಜೊತೆಗೆ 250 ಮಿಲಿಗ್ರಾಂ ಟಾರಿನ್ ಪುಡಿ. ಎದೆಯ ಬಿಳಿ ಮಾಂಸಕ್ಕಿಂತ ತೊಡೆಯಲ್ಲಿ ಟಾರಿನ್ ಹಲವು ಪಟ್ಟು ಹೆಚ್ಚು. ಅದು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಬೇಯಿಸಿದ ನೀರು ಚೆಲ್ಲಿದರೆ ಟಾರಿನ್ ಕೂಡ ಬಚ್ಚಲಿಗೆ ಹೋದಂತೆ. ಲಿವರ್ ಇಷ್ಟವೆಂದು ದಿನವೂ ಬಟ್ಟಲು ತುಂಬಿಸಬೇಡಿ. ವಿಟಮಿನ್ ಎ ವಿಪರೀತವಾಗಿ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬೆಕ್ಕಿಗೆ ಮೈ ನೆಕ್ಕಿಕೊಳ್ಳಲೂ ಆಗುವುದಿಲ್ಲ. ಘಟ್ಟದ ಕೆಳಗಿನಿಂದ ಬರುವ ಮತ್ತಿ (ಬೂತಾಯಿ) ಮೀನು ವಾರಕ್ಕೆ ಒಂದೆರಡು ಸಲ ಒಳ್ಳೆಯದೇ. ಕರುಳು ತೆಗೆದು, ಉಪ್ಪಿಲ್ಲದೆ ಕುಕ್ಕರಿನಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿದರೆ ಮುಳ್ಳೂ ಬೆರಳಲ್ಲಿ ಹಿಸುಕುವಷ್ಟು ಮೆತ್ತಗಾಗುತ್ತದೆ. ಹಸಿ ಮೀನಿನ ಥಯಾಮಿನೇಸ್ ಕಿಣ್ವ ವಿಟಮಿನ್ ಬಿ1 ಅನ್ನು ನಾಶಮಾಡುವುದರಿಂದ ಬೇಯಿಸದೆ ಕೊಡುವಂತಿಲ್ಲ. ಬೆಕ್ಕಿಗೆ ಮನೆ ಅಡುಗೆ ವಾರಕ್ಕೆ ಎರಡು ದಿನ ಸಾಕು, ಉಳಿದ ದಿನ ಸಂಪೂರ್ಣ ಆಹಾರವೆಂದು ಬರೆದಿರುವ ಪ್ಯಾಕೆಟ್ಟೇ ಇರಲಿ.

ಇನ್ನು ತಿಂಡಿ. ತಿಂಡಿಯ ಪಾಲು ದಿನದ ಕ್ಯಾಲೊರಿಯ ಹತ್ತನೇ ಒಂದಕ್ಕಿಂತ ಹೆಚ್ಚಾಗಬಾರದು, ನಮ್ಮ ಹತ್ತು ಕೆಜಿ ನಾಯಿಗೆ ಅಂದರೆ 60 ಕ್ಯಾಲೊರಿ. ಕೊಡಗಿನ ಅಡುಗೆಮನೆಗೆ ಹೊಂದುವ ತಿಂಡಿ ಲಿವರ್ ಹಾಕಿದ ಪುಟ್ಟ ಕಡಂಬುಟ್ಟು. 100 ಗ್ರಾಂ ಕೋಳಿ ಲಿವರನ್ನು ಹತ್ತು ನಿಮಿಷ ಬೇಯಿಸಿ ಹಿಸುಕಿಡಿ. ಬೆಂದ ನೀರನ್ನು 200 ಮಿಲಿಲೀಟರಿಗೆ ಸರಿಮಾಡಿ ಕುದಿಸಿ, 100 ಗ್ರಾಂ ಅಕ್ಕಿ ತರಿ ಸುರಿದು ಗಂಟಾಗದಂತೆ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ನೀರು ಹೀರುವ ತನಕ ಇಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಲಿವರ್ ಬೆರೆಸಿ ಗೋಲಿ ಗಾತ್ರದ ಅರವತ್ತು ಉಂಡೆ ಕಟ್ಟಬೇಕು. ಆರಲು ಬಿಟ್ಟರೆ ಪಿಷ್ಟ ಗಟ್ಟಿಯಾಗಿ ಉಂಡೆ ಬಿರಿಯುತ್ತದೆ, ನೀರು ಹೆಚ್ಚಾದರೆ ಅಂಟಾಗಿ ನಾಯಿಯ ಅಂಗುಳಿಗೆ ಹಿಡಿಯುತ್ತದೆ. ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಒಂದರಲ್ಲಿ ಸುಮಾರು ಎಂಟು ಕ್ಯಾಲೊರಿ, ಹಾಗಾಗಿ ದಿನಕ್ಕೆ ಏಳು. ಆ ದಿನದ ಊಟದಲ್ಲಿ ಲಿವರ್ ಬಿಡಿ. ಉಪ್ಪು, ಬೆಲ್ಲ ಯಾವುದೂ ಬೇಡ.

ಬೆಂದ ಅಕ್ಕಿಯಲ್ಲೂ ಉಳಿದುಕೊಳ್ಳುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಹೊರಗಿಟ್ಟರೆ ಮೊಳೆತು ವಿಷ ಬಿಡುತ್ತವೆ. ಉಂಡೆಗಳು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ, ಮೂರು ದಿನದಲ್ಲಿ ಮುಗಿಯಲಿ, ಅಂದರೆ ಒಂದೇ ನಾಯಿಯಿದ್ದರೆ ಮೇಲಿನ ಅಳತೆಯ ಮೂರನೇ ಒಂದು ಭಾಗ ಸಾಕು. ಆಟಿ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರುಗಳಲ್ಲಿ ಇನ್ನೂ ಕಡಿಮೆ ಮಾಡುವುದು ಜಾಣತನ.

ತಿಂಡಿಗೆಂದು ಒಣಗಿಸಿದ ಕೋಳಿ ಪಟ್ಟಿಗಳು ಕೆಡುವುದೂ ಈ ಮಳೆಯಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತಿಲ್ಲ. ಒಲೆಯ ಮೇಲೆ ಹಂದಿಮಾಂಸ ಒಣಗಿಸುವ ಹಳೆಯ ಕ್ರಮ ಉಳಿದು ಬಂದದ್ದು ಉಪ್ಪಿನ ಬಲದಿಂದ, ಅಷ್ಟು ಉಪ್ಪು ನಾಯಿಗೆ ಸಲ್ಲದು. ಎದೆ ಮಾಂಸವನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು ಮೊದಲು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಪೂರ್ತಿ ಬೇಯಿಸಿ, ನಡುಭಾಗ 74 ಡಿಗ್ರಿ ಮುಟ್ಟಬೇಕು. ಬೇಯಿಸದೆ ನೇರ ಒಣಗಿಸಿದರೆ ಆವಿಯಾಗುವ ನೀರು ಮಾಂಸವನ್ನು ತಂಪಾಗಿಯೇ ಇಡುತ್ತದೆ, ಅಷ್ಟರಲ್ಲಿ ಒಣಗಿದ ಸಾಲ್ಮೊನೆಲ್ಲಾ ಶಾಖಕ್ಕೆ ಜಗ್ಗದಷ್ಟು ಗಟ್ಟಿಯಾಗಿರುತ್ತದೆ. ಬೆಂದ ಪಟ್ಟಿಗಳನ್ನು ಒರೆಸಿ ಓವನ್ನಿನಲ್ಲಿ 90 ಡಿಗ್ರಿಯಲ್ಲಿ, ಬಾಗಿಲು ಕೊಂಚ ತೆರೆದು, ಮೂರರಿಂದ ನಾಲ್ಕು ಗಂಟೆ ಇಡಿ. ಆರಿದ ಮೇಲೆ ಬಗ್ಗಿಸಿದರೆ ಲಟಕ್ಕೆಂದು ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ. ಗಾಜಿನ ಜಾಡಿಗೆ ಹಾಕಿ ಮುಚ್ಚಿ, ಒಂದು ಗಂಟೆಯಲ್ಲಿ ಒಳಗೋಡೆಗೆ ಮಂಜು ಕಟ್ಟಿದರೆ ಮತ್ತೆ ಓವನ್ನಿಗೆ. ಬೂಷ್ಟು ಕಂಡ ಜಾಡಿಯನ್ನು ಒರೆಸಿ ಬಳಸುವಂತಿಲ್ಲ, ಇಡೀ ಜಾಡಿ ಎಸೆಯಿರಿ. ಇದೇ ಪಟ್ಟಿಯನ್ನು ಪುಡಿ ಮಾಡಿದರೆ ಬೆಕ್ಕಿನ ತಿಂಡಿ. ಸಿಹಿ ರುಚಿಯ ಗ್ರಾಹಕವೇ ಬೆಕ್ಕಿನಲ್ಲಿ ಕೆಟ್ಟಿರುವುದರಿಂದ ಜೇನು ಸವರಿ ಪ್ರಯೋಜನವಿಲ್ಲ.

ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ ಉಳಿದ ಪಂದಿಕರಿಯನ್ನು (ಹಂದಿಮಾಂಸದ ಸಾರನ್ನು) ಮಾತ್ರ ನಾಯಿಯ ತಟ್ಟೆಗೆ ಸುರಿಯಬೇಡಿ. ಒಮ್ಮೆಗೇ ಒಳಹೋದ ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿ. ನಾಯಿ ವಾಂತಿ ಮಾಡಿಕೊಂಡು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಂತರೆ ಅದು ಹೊಟ್ಟೆನೋವಿನ ಭಂಗಿ. ಈರುಳ್ಳಿ, ಬೆಳ್ಳುಳ್ಳಿ ಎಷ್ಟು ಬೆಂದರೂ ಕೆಂಪು ರಕ್ತಕಣಗಳನ್ನು ಒಡೆಯುವ ಗುಣ ಬಿಡುವುದಿಲ್ಲ. ಬೆಕ್ಕಿಗೆ ಮೈತೂಕದ ಪ್ರತಿ ಕೆಜಿಗೆ ಐದು ಗ್ರಾಂ ಈರುಳ್ಳಿಯೇ ಅಪಾಯ. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಲು ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ, ಅದು ಹುಣಸೆಯಲ್ಲೂ ಇದೆ. ಮನೆಯಲ್ಲೇ ವೈನ್ ಮಾಡುವವರು ಹಿಂಡಿದ ದ್ರಾಕ್ಷಿ ಚರಟವನ್ನು ನಾಯಿ ಮೂಸದ ಕಡೆ ಹೂಳಬೇಕು.

ಮಡಿಕೇರಿಯ ಹೋಮ್‌ಮೇಡ್ ಚಾಕೊಲೇಟ್ ಮತ್ತು ನಮ್ಮದೇ ಕಾಫಿ, ಎರಡರ ಲೆಕ್ಕವೂ ಹತ್ತಿರ ಹತ್ತಿರ. ಚಾಕೊಲೇಟಿನ ಥಿಯೋಬ್ರೋಮಿನ್ ಆಗಲಿ ಕಾಫಿಯ ಕೆಫೀನ್ ಆಗಲಿ ಮೈತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ ಶುರು. 40-50ರಲ್ಲಿ ಹೃದಯದ ಬಡಿತ ತಪ್ಪುತ್ತದೆ, 60ರಲ್ಲಿ ಸೆಳೆತ. 50 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ ಸುಮಾರು 250 ಮಿಲಿಗ್ರಾಂ ಥಿಯೋಬ್ರೋಮಿನ್ ಇರುವುದರಿಂದ ಹತ್ತು ಕೆಜಿ ನಾಯಿಗೆ ಆ ಒಂದು ಬಾರೇ ಸಾಕು. ರೊಬಸ್ಟಾದಲ್ಲಿ ಕೆಫೀನ್ ಶೇಕಡಾ ಎರಡಕ್ಕಿಂತ ಹೆಚ್ಚು, ಅಂದರೆ ಅದೇ ನಾಯಿಗೆ ಹತ್ತು ಗ್ರಾಂ ಕಾಫಿಪುಡಿಯೇ ಸಾಕು. ತಿಂದದ್ದು ಗೊತ್ತಾದ ಕೂಡಲೇ ಪೊಟ್ಟಣದ ತೂಕ, ತಿಂದ ಹೊತ್ತು, ನಾಯಿಯ ತೂಕ ಮೂರನ್ನೂ ಪಶುವೈದ್ಯರಿಗೆ ಫೋನಿನಲ್ಲಿ ಹೇಳಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ, ರಕ್ತದಲ್ಲಿ ಸೋಡಿಯಂ ಏರಿ ಅದೇ ಪ್ರಾಣಕ್ಕೆ ಎರವಾಗಬಹುದು.