ಕರೆಂಟ್ ಬಂದ ಮೇಲೆ ಲಿನಕ್ಸ್ ಕಂಪ್ಯೂಟರಿಗೆ ನೆಟ್ ಯಾಕೆ ಬರಲ್ಲ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಆಫೀಸಿನ ಕಂಪ್ಯೂಟರಿನಲ್ಲಿ ಉಬುಂಟು (ಒಂದು ಬಗೆಯ ಲಿನಕ್ಸ್) ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಆನ್ ಮಾಡಿದರೆ ನೆಟ್ ಇರಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ವೈಫೈ ಬಂದರೂ ಕಂಪ್ಯೂಟರಿಗೆ ಬರಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿದರೆ ಸರಿಹೋಗುತ್ತೆ. ನೆಟ್‌ವರ್ಕ್ ಕಾರ್ಡ್ ಹೋಗಿದೆಯಾ? ಫಾರ್ಮ್ಯಾಟ್ ಮಾಡಿಸಬೇಕಾ?

ಉತ್ತರ: ಎರಡೂ ಬೇಡ. ಕೇಬಲ್ ಕಿತ್ತು ಹಾಕಿದರೆ ಪ್ರತಿ ಸಲವೂ ನೆಟ್ ಬರುತ್ತಿದೆ ಅಂದರೆ ಕಾರ್ಡ್, ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಎರಡೂ ಚೆನ್ನಾಗಿವೆ. ನಿಮ್ಮ ಕಂಪ್ಯೂಟರ್ ರೂಟರ್‌ಗಿಂತ ಮೊದಲೇ ಎದ್ದು, ಕಾದು ಸಾಕಾಗಿ ಸುಮ್ನಾಗಿದೆ, ಅಷ್ಟೆ.

ಮಲೆನಾಡಿನ ಕಡೆ ಇದು ಜಾಸ್ತಿ. ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ಪಕ್ಕದ ಸ್ವಿಚ್ ಬಾಕ್ಸೂ (ರೂಟರ್‌ನಿಂದ ಬಂದ ನೆಟ್ ಕೇಬಲನ್ನು ಕಂಪ್ಯೂಟರುಗಳಿಗೆ ಹಂಚುವ ಪೆಟ್ಟಿಗೆ) ಅದಕ್ಕೇ ಹಾಕಿರುತ್ತದೆ. ರೂಟರ್ ಮಾತ್ರ ಮನೆಯೊಳಗೆ, ಸ್ಟೆಬಿಲೈಜರ್ ಲೈನಿನಲ್ಲಿ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರುವ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಸಿದ್ಧ. ಸ್ಟೆಬಿಲೈಜರ್ ಕರೆಂಟ್ ಬಿಟ್ಟು, ಆಮೇಲೆ ರೂಟರ್ ಪೂರ್ತಿ ಏಳುವ ಹೊತ್ತಿಗೆ ಎಷ್ಟೋ ನಿಮಿಷ ಕಳೆದಿರುತ್ತದೆ.

ಈ ಹೊತ್ತಿನಲ್ಲಿ ಉಬುಂಟುವಿನ ನೆಟ್‌ವರ್ಕ್‌ಮ್ಯಾನೇಜರ್ (ನೆಟ್ ಜೋಡಿಸುವ ಪ್ರೋಗ್ರಾಂ) ಏನು ಮಾಡುತ್ತಿರುತ್ತದೆ? ಸ್ವಿಚ್ ಬಾಕ್ಸಿನ ದೀಪ ಉರಿಯುತ್ತಿದೆಯಲ್ಲ, ಹಾಗಾಗಿ ಕೇಬಲ್ ಸರಿಯಾಗಿದೆ ಅಂದುಕೊಂಡು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ನಂಬರ್) ಕೇಳುತ್ತದೆ. ಕೊಡಬೇಕಾದ ರೂಟರ್ ಇನ್ನೂ ಎದ್ದೇ ಇಲ್ಲ. ಒಂದು ಸಲ ಕೇಳಿದರೆ 45 ಸೆಕೆಂಡ್ ಕಾಯುತ್ತದೆ. ಹೀಗೆ 4 ಸಲ ಪ್ರಯತ್ನ ಮಾಡಿ, ಅಂದರೆ ಸುಮಾರು 3 ನಿಮಿಷದ ನಂತರ, ಕೈಬಿಡುತ್ತದೆ. ಮುಂದಿನ 5 ನಿಮಿಷ ತಾನಾಗಿ ಕೇಳುವುದೇ ಇಲ್ಲ. ನಡುವೆ ರೂಟರ್ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ, ಯಾಕಂದರೆ ಸ್ವಿಚ್ ಬಾಕ್ಸಿನ ಕಡೆಯ ಲಿಂಕ್ (ಕೇಬಲ್ ಸಂಪರ್ಕ) ಒಮ್ಮೆಯೂ ಕಡಿದಿಲ್ಲ. ಕೇಬಲ್ ಕಿತ್ತು ಹಾಕಿದಾಗ ಲಿಂಕ್ ಹೋಗಿ ಬಂತು, ಲೆಕ್ಕ ಮತ್ತೆ ಮೊದಲಿಂದ ಶುರುವಾಯಿತು. ನೆಟ್ ಬಂತು.

ಇದೇ ಕಾರಣವಾ ಅಂತ ಊಹೆ ಮಾಡಬೇಕಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ‘ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್’ ಕೊಡಿ (ಇಂಗ್ಲಿಷ್ ಅಕ್ಷರದಲ್ಲಿ, ಕೊನೆಯ ಹೆಸರಿನ ಎನ್ ಮತ್ತು ಎಂ ದೊಡ್ಡಕ್ಷರ). ‘ಲಿಂಕ್ ಕನೆಕ್ಟೆಡ್’, ಅದರ ಕೆಳಗೆ ‘ಟೈಮ್‌ಔಟ್ ಇನ್ 45 ಸೆಕೆಂಡ್ಸ್’, ಆಮೇಲೆ ‘ಐಪಿ ಕಾನ್ಫಿಗ್ ಅನ್‌ಅವೈಲೆಬಲ್’ ಅಂತ ಸಾಲುಗಳು ಕಂಡರೆ ಇದೇ. ‘ಲಿಂಕ್ ಕನೆಕ್ಟೆಡ್’ ಇಲ್ಲವೇ ಇಲ್ಲ ಅಂದರೆ ಕೇಬಲ್ ಅಥವಾ ಸ್ವಿಚ್ ಬಾಕ್ಸ್ ನೋಡಿ.

ಪರಿಹಾರ ಸುಲಭ. ‘ಸುಡೋ ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ’, ಮುಂದೆ ನಿಮ್ಮ ಕನೆಕ್ಷನ್ನಿನ ಹೆಸರು, ಅದರ ಮುಂದೆ ‘ಕನೆಕ್ಷನ್.ಆಟೋಕನೆಕ್ಟ್-ರಿಟ್ರೈಸ್ 0’ ಎಂದು ಟರ್ಮಿನಲ್‌ನಲ್ಲೇ, ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಡಿ. ಇಲ್ಲಿ 0 ಅಂದರೆ ಸಿಗುವವರೆಗೂ ಕೇಳುತ್ತಲೇ ಇರು ಅಂತ. ಹೆಸರು ಗೊತ್ತಿಲ್ಲದಿದ್ದರೆ ‘ಎನ್‌ಎಂಸಿಎಲ್‌ಐ ಕನೆಕ್ಷನ್’ ಅಂದರೆ ಪಟ್ಟಿ ಬರುತ್ತದೆ. ಹೆಸರಿನ ನಡುವೆ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಆಗುವುದಾದರೆ ರೂಟರನ್ನೂ ಯುಪಿಎಸ್‌ಗೆ ಹಾಕಿಬಿಡಿ, ಅದು ತಿನ್ನುವ ಕರೆಂಟ್ ತೀರಾ ಕಡಿಮೆ.

ಐಪಿ ವಿಳಾಸವನ್ನು ಕೈಯಲ್ಲೇ ಹಾಕಿ ಅಂತ ಹೇಳುವವರು ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ರೂಟರ್ ಅದೇ ವಿಳಾಸವನ್ನು ಮತ್ತೊಂದು ಮೊಬೈಲಿಗೆ ಕೊಟ್ಟರೆ ಎರಡಕ್ಕೂ ತೊಂದರೆ, ಅದನ್ನು ಹುಡುಕುವುದು ಇದಕ್ಕಿಂತ ಕಷ್ಟ ಅಲ್ವಾ?

ಇನ್ನೊಂದು ಮಾತು. ನೆಟ್‌ವರ್ಕಿನಲ್ಲಿರುವ ಫೋಲ್ಡರನ್ನು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಶುರುವಾಗುವಾಗ ಜೋಡಿಸಬೇಕಾದ ಡಿಸ್ಕ್, ಫೋಲ್ಡರುಗಳ ಪಟ್ಟಿ) ಬರೆದಿದ್ದರೆ, ಕಂಪ್ಯೂಟರ್ ಶುರುವಾಗುವಾಗಲೇ ‘ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಅಂತ ಒಂದೂವರೆ ನಿಮಿಷ ನಿಂತುಬಿಡಬಹುದು. ಫೈಲಿನ ಒಂದು ಪ್ರತಿ ಇಟ್ಟುಕೊಂಡು, ಆ ಸಾಲಿನ ಆಯ್ಕೆಗಳಿಗೆ ‘_ನೆಟ್‌ಡೆವ್,ನೋಫೇಲ್’ ಸೇರಿಸಿ. ನೆಟ್ ಇಲ್ಲದಿದ್ದರೂ ಕಂಪ್ಯೂಟರ್ ಮುಂದೆ ಹೋಗುತ್ತದೆ.

ಕೇಬಲ್ ಅಲ್ಲ, ವೈಫೈ, ಅದೂ ಲಾಗಿನ್ ಆದ ಮೇಲಷ್ಟೇ ಬರುತ್ತದೆ ಅನ್ನುವವರಿಗೆ ಕಾರಣ ಬೇರೆ. ಅಲ್ಲಿ ಪಾಸ್‌ವರ್ಡ್ ನಿಮ್ಮೊಬ್ಬರ ಖಾತೆಯಲ್ಲಿ ಉಳಿದಿರುತ್ತದೆ. ಆ ವೈಫೈನ ಸೆಟ್ಟಿಂಗ್ಸ್ ತೆರೆದು, ಬೇರೆ ಬಳಕೆದಾರರಿಗೂ ಸಿಗಲಿ ಅನ್ನುವ ಚೌಕಕ್ಕೆ ಟಿಕ್ ಹಾಕಿ.